ಡೇಟ್‌ಟೈಮ್‌ಫಾರ್ಮ್ಯಾಟರ್: ಬೀಗ ಹಾಕುವ ಕೆಲಸವೇ ಇಲ್ಲ

ಟೆಸ್ಟ್ ಎಲ್ಲ ಪಾಸ್ ಆಗುತ್ತದೆ, ಆದರೆ ಸರ್ವರ್‌ನಲ್ಲಿ ಆಗೊಮ್ಮೆ ಈಗೊಮ್ಮೆ ತಾರೀಖು ತಪ್ಪು ಬರುತ್ತದೆ. ಜಾವಾ ಕೋಡ್‌ನಲ್ಲಿ ಹೀಗಾದರೆ ನಾನು ಮೊದಲು ಹುಡುಕುವುದು ಸ್ಟ್ಯಾಟಿಕ್ ಫೈನಲ್ (ಎಲ್ಲರಿಗೂ ಒಂದೇ, ಅದರ ಜಾಗದಲ್ಲಿ ಬೇರೆಯದನ್ನು ಇಡಲಾಗದು) ಅಂತ ಬರೆದಿಟ್ಟ ಸಿಂಪಲ್‌ಡೇಟ್‌ಫಾರ್ಮ್ಯಾಟ್, ಅಂದರೆ ತಾರೀಖನ್ನು ಸ್ಟ್ರಿಂಗ್ ಮಾಡುವ (ಫಾರ್ಮ್ಯಾಟ್), ಸ್ಟ್ರಿಂಗ್ ಓದಿ ತಾರೀಖು ಮಾಡುವ (ಪಾರ್ಸ್) ಹಳೆಯ ಕ್ಲಾಸ್. ಫೈನಲ್ ಅಂದ ಮಾತ್ರಕ್ಕೆ ಅದರ ಒಳಗಿರುವುದು ಬದಲಾಗದೆ ಇರುತ್ತದಾ?

ಅದರ ಹೊಟ್ಟೆಯಲ್ಲಿ ಒಂದು ಕ್ಯಾಲೆಂಡರ್ ಇದೆ. ಫಾರ್ಮ್ಯಾಟ್ ಕರೆದಾಗ ನೀವು ಕೊಟ್ಟ ಸಮಯವನ್ನು ಮೊದಲು ಅದಕ್ಕೆ ತುಂಬುತ್ತದೆ. ಆಮೇಲೆ ವರ್ಷ, ತಿಂಗಳು, ದಿನ ಅಂತ ಒಂದೊಂದಾಗಿ ಓದಿ ಸ್ಟ್ರಿಂಗ್ ಕಟ್ಟುತ್ತದೆ. ಒಂದು ಥ್ರೆಡ್ (ಒಂದೇ ಪ್ರೋಗ್ರಾಂನಲ್ಲಿ ಜೊತೆಜೊತೆಗೆ ಓಡುವ ಕೆಲಸದ ಎಳೆ) 2024ರ ಜನವರಿ 5 ತುಂಬಿ ವರ್ಷ ಬರೆಯುವಷ್ಟರಲ್ಲಿ ಇನ್ನೊಂದು ಬಂದು 2019ರ ನವೆಂಬರ್ 20 ತುಂಬಿತು ಅನ್ನಿ. ಮೊದಲನೆಯದಕ್ಕೆ ಸಿಗುವುದು 2024-11-20. ಯಾರೂ ಕೊಡದ ತಾರೀಖು! ಎಕ್ಸೆಪ್ಶನ್ ಇಲ್ಲ, ಲಾಗ್ ಇಲ್ಲ, ಸುಮ್ನೆ ಡೇಟಾಬೇಸ್‌ಗೆ ಹೋಗಿ ಕೂರುತ್ತದೆ. ಪಾರ್ಸ್ ಮಾಡುವಾಗ ನಂಬರ್‌ಫಾರ್ಮ್ಯಾಟ್‌ಎಕ್ಸೆಪ್ಶನ್ ಬಂದರೆ ಎಷ್ಟೋ ವಾಸಿ, ಗೊತ್ತಾದರೂ ಆಗುತ್ತದೆ.

ಸಿಂಕ್ರೊನೈಸ್ಡ್ ಅನ್ನುವ ಬೀಗ ಹಾಕಿದರೆ ತಪ್ಪು ನಿಲ್ಲುತ್ತದೆ, ಆದರೆ ಥ್ರೆಡ್‌ಗಳೆಲ್ಲ ಒಂದರ ಹಿಂದೆ ಒಂದು ಕಾಯಬೇಕು. ಥ್ರೆಡ್‌ಗೊಂದು ಪ್ರತಿ ಕೊಡುವ ಥ್ರೆಡ್‌ಲೋಕಲ್ ಅಂದರೆ ನನಗೆ ಅದಕ್ಕಿಂತ ಜಾಸ್ತಿ ಭಯ. ಅದೇ ಥ್ರೆಡ್‌ಗಳನ್ನು ಮತ್ತೆ ಮತ್ತೆ ಬಳಸುವ ಪೂಲ್‌ನಲ್ಲಿ ಒಂದು ಕೆಲಸ ಟೈಮ್‌ಝೋನ್ ಬದಲಿಸಿ ಹೋದರೆ, ಅದೇ ಥ್ರೆಡ್ ಸಿಕ್ಕ ಮುಂದಿನ ಕೆಲಸಕ್ಕೂ ಆ ಝೋನೇ ಅಂಟಿಕೊಂಡಿರುತ್ತದೆ.

2014ರಲ್ಲಿ ಜಾವಾ 8ರ ಜೊತೆ ಬಂದ ಡೇಟ್‌ಟೈಮ್‌ಫಾರ್ಮ್ಯಾಟರ್ ಈ ತಲೆನೋವನ್ನು ಬುಡದಲ್ಲೇ ಕಿತ್ತಿದೆ. ಒಮ್ಮೆ ಕಟ್ಟಿದ ಮೇಲೆ ಅದು ಬದಲಾಗುವುದೇ ಇಲ್ಲ. ನಡುವಿನ ಲೆಕ್ಕವೆಲ್ಲ ಆ ಒಂದು ಕರೆಗೆ ಸೇರಿದ ಬೇರೆ ಆಬ್ಜೆಕ್ಟ್‌ನಲ್ಲಿ ಇರುತ್ತದೆ. ಸ್ಟ್ಯಾಟಿಕ್ ಫೈನಲ್ ಮಾಡಿ ಎಷ್ಟು ಥ್ರೆಡ್‌ಗೆ ಬೇಕಾದರೂ ಕೊಡಿ. ಕಣ್ಣು ಮುಚ್ಚಿ ಐದಕ್ಕೆ ಐದು ಕೊಡುತ್ತಿದ್ದೆ, ಒಂದೆರಡು ಮಾತು ಇಲ್ಲದಿದ್ದರೆ.

ಟೈಮ್‌ಝೋನ್ ಹಾಕಲು ವಿತ್‌ಝೋನ್ ಕರೆದರೆ ಹೊಸ ಫಾರ್ಮ್ಯಾಟರ್ ವಾಪಸ್ ಬರುತ್ತದೆ, ಹಳೆಯದು ಇದ್ದಂತೆಯೇ ಇರುತ್ತದೆ. ಬಂದದ್ದನ್ನು ಹಿಡಿದುಕೊಳ್ಳದಿದ್ದರೆ ಝೋನ್ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಇನ್ನು ಫೆಬ್ರವರಿ 30. ಸಿಂಪಲ್‌ಡೇಟ್‌ಫಾರ್ಮ್ಯಾಟ್ ಅದನ್ನು ಮಾರ್ಚ್‌ಗೆ ತಳ್ಳುತ್ತಿತ್ತು. ಡೇಟ್‌ಟೈಮ್‌ಫಾರ್ಮ್ಯಾಟರ್ ಆಫ್‌ಪ್ಯಾಟರ್ನ್‌ನಿಂದ (ತಾರೀಖಿನ ನಮೂನೆ ಕೊಟ್ಟು) ಕಟ್ಟಿದಾಗ ಸ್ಮಾರ್ಟ್ ಮೋಡ್‌ನಲ್ಲಿ ಓಡುತ್ತದೆ, ತಿಂಗಳ ಕೊನೆಯ ದಿನಕ್ಕೆ ಇಳಿಸಿಬಿಡುತ್ತದೆ. ನನಗೆ ಅದೂ ಬೇಡ, ತಪ್ಪು ತಾರೀಖು ತಪ್ಪು ಅಂತಲೇ ಹೇಳಬೇಕು ಅಲ್ವಾ? ಅದಕ್ಕೆ ಇಂಥ ತಾರೀಖನ್ನು ಏನು ಮಾಡಬೇಕು ಅಂತ ಹೇಳುವ ರಿಸಾಲ್ವರ್‌ಸ್ಟೈಲ್ ಅನ್ನು ಸ್ಟ್ರಿಕ್ಟ್ ಮಾಡಿ. ಹಾಗೆ ಮಾಡುವಾಗ ಪ್ಯಾಟರ್ನ್‌ನಲ್ಲಿ ವರ್ಷಕ್ಕೆ ನಾಲ್ಕು ವೈ (yyyy) ಬದಲು ನಾಲ್ಕು ಯು (uuuu) ಬರೆಯಿರಿ, ಇಲ್ಲದಿದ್ದರೆ ಸರಿಯಾದ ತಾರೀಖನ್ನೂ ಅದು ಒಪ್ಪುವುದಿಲ್ಲ.