ಇಲಿಗೆ ಗುಳಿಗೆ ಇಡ್ತೀವಿ ಅಂದವರನ್ನು ಬಾಗಿಲಲ್ಲೇ ನಿಲ್ಲಿಸಿ

ಕೆಳಗೆ ದಿನಸಿ ಅಂಗಡಿ, ಮೇಲೆ ಮನೆ. ಪೇಟೆ ಬೀದಿಗಳಲ್ಲಿ ಇಂಥ ಕಟ್ಟಡಗಳಿಗೇನೂ ಬರವಿಲ್ಲ. ಅಂಥದ್ದೊಂದರಲ್ಲಿ ಅಕ್ಕಿ ಮೂಟೆಗಳಿಗೆ ತೂತು ಬೀಳತೊಡಗಿದವು, ಬೇಳೆ ಪ್ಯಾಕೆಟ್ಟುಗಳ ಮೂಲೆ ಹರಿಯತೊಡಗಿತು. ಮಾಲೀಕರು ಪೆಸ್ಟ್ ಕಂಟ್ರೋಲ್‌ನವರಿಗೆ ಫೋನ್ ಮಾಡಿದರು. ಇಬ್ಬರು ಬಂದರು. 2,500 ರೂಪಾಯಿ, ಮೂರು ತಿಂಗಳು ಗ್ಯಾರಂಟಿ. ಅಟ್ಟದ ಸಂದಿ, ಮೆಟ್ಟಿಲ ಕೆಳಗಿನ ಬಿಲ, ಪೈಪು ಹಾದ ತೂತು, ಸಿಕ್ಕಲ್ಲೆಲ್ಲ ಬೂದು ಬಣ್ಣದ ಗುಳಿಗೆ ಹಾಕಿ, ಮೇಲೆ ಪೇಪರ್ ತುರುಕಿ, ಟೇಪು ಅಂಟಿಸಿದರು. "ರಾತ್ರಿ ಶಟರ್ ತೆಗೀಬೇಡಿ ಸಾರ್, ಬೆಳಿಗ್ಗೆ ಸತ್ತ ಇಲಿ ಗುಡಿಸಿದ್ರಾಯ್ತು" ಅಂತ ಹೇಳಿ ಹೋದರು.

ಪೈಪು ಹಾದ ಆ ತೂತು ಮೇಲಿನ ಮನೆಯ ಅಡುಗೆಮನೆಗೂ ಹೋಗುತ್ತದೆ ಅನ್ನುವುದನ್ನು ಯಾರೂ ನೋಡಲಿಲ್ಲ. ನಡುರಾತ್ರಿ ಮನೆಯಲ್ಲಿ ಬೆಳ್ಳುಳ್ಳಿ ಕೊಳೆತಂಥ ವಾಸನೆ. ಮೊದಲು ಮಗು ವಾಂತಿ ಮಾಡಿತು, ಆಮೇಲೆ ಅದರ ತಾಯಿ. ಅಜ್ಜಿ ಕಿಟಕಿಗಳನ್ನೆಲ್ಲ ತೆರೆದು ಎಲ್ಲರನ್ನೂ ಬೀದಿಗಿಳಿಸಿದ್ದರಿಂದ ಜೀವ ಉಳಿಯಿತು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಯಾವ ಔಷಧಿ ಹಾಕಿದ್ರು ಅಂತ. ಬಿಲ್ಲಿನಲ್ಲಿ ಇದ್ದದ್ದು "ಇಲಿ ಟ್ರೀಟ್‌ಮೆಂಟ್" ಅನ್ನುವ ಎರಡು ಪದ. ಫೋನ್ ಮಾಡಿದರೆ ಸ್ವಿಚ್ ಆಫ್. ಇಲಿಗಳೋ, ಮೂರನೇ ವಾರಕ್ಕೆ ಮತ್ತೆ ಹಾಜರ್.

ಆ ಗುಳಿಗೆ ಅಲ್ಯೂಮಿನಿಯಂ ಫಾಸ್ಫೈಡ್. ಗೋದಾಮಿನ ಕಾಳಿಗೆ ಹುಳ ಬೀಳದಂತೆ ಟಾರ್ಪಾಲು ಮುಚ್ಚಿ ಹೊಗೆ ಕೊಡಲು ಇರುವ ವಸ್ತು. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಅನಿಲ ಬಿಡುತ್ತದೆ. 3 ಗ್ರಾಂ ಗುಳಿಗೆಯಿಂದ ಬರುವುದು ಸುಮಾರು 1 ಗ್ರಾಂ ಅನಿಲ. ಒಂದು ಗ್ರಾಂ ತಾನೇ ಅನ್ನಿಸಬಹುದು. ಲೆಕ್ಕ ಹಾಕಿ: 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆ ಅಂದರೆ ಸುಮಾರು 34 ಘನ ಮೀಟರ್. ಕಿಟಕಿ ಬಾಗಿಲು ಮುಚ್ಚಿದ್ದರೆ ಒಂದೇ ಗುಳಿಗೆ ಆ ಗಾಳಿಯನ್ನು 20 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 20 ಪಾಲು ಅನಿಲ) ದಾಟಿಸುತ್ತದೆ. ಕಾರ್ಖಾನೆಯಲ್ಲಿ ಎಂಟು ಗಂಟೆ ದುಡಿಯುವವರಿಗೆ ಹಾಕಿರುವ ಮಿತಿ 0.3 ಪಿಪಿಎಂ. 50 ದಾಟಿದರೆ ತಕ್ಷಣ ಪ್ರಾಣಾಪಾಯ ಅಂತಲೇ ಲೆಕ್ಕ. ಮೂರು ಗುಳಿಗೆಗೆ ಅದೂ ಮುಗಿಯಿತು. ಇದಕ್ಕೆ ಪ್ರತಿವಿಷವಿಲ್ಲ. ವಾಸನೆ ಬಂದರೆ ಓಡೋಣ ಅನ್ನುವ ಹಾಗೂ ಇಲ್ಲ, ಅಪಾಯದ ಮಟ್ಟಕ್ಕೆ ಏರಿದ ಮೇಲೂ ಕೆಲವರ ಮೂಗಿಗೆ ಅದು ತಿಳಿಯುವುದಿಲ್ಲ.

2024ರ ನವೆಂಬರ್‌ನಲ್ಲಿ ಚೆನ್ನೈ ಪಕ್ಕದ ಕುಂದ್ರತ್ತೂರಿನಲ್ಲಿ ಮನೆಯೊಳಗೆ ಇಲಿ ಪಾಷಾಣ ಇಡಿಸಿ, ಎಸಿ ಹಾಕಿಕೊಂಡು ಮಲಗಿದ ಕುಟುಂಬದ ಇಬ್ಬರು ಪುಟ್ಟ ಮಕ್ಕಳು ತೀರಿಕೊಂಡರು. ಅದೇ ವರ್ಷ ಆಗಸ್ಟ್‌ನಲ್ಲಿ ಬೆಂಗಳೂರಿನ ಒಂದು ವಿದ್ಯಾರ್ಥಿ ನಿಲಯದಲ್ಲಿ ಇಲಿಗೆಂದು ಹಾಕಿದ ಔಷಧಿಯಿಂದ 19 ವಿದ್ಯಾರ್ಥಿಗಳು ಆಸ್ಪತ್ರೆ ಸೇರಿದರು. ಯಾರೂ ಏನನ್ನೂ ತಿಂದಿರಲಿಲ್ಲ.

ಕಾನೂನು ಸ್ಪಷ್ಟವಾಗಿಯೇ ಇದೆ. ದುಡ್ಡು ತೆಗೆದುಕೊಂಡು ಕೀಟನಾಶಕ ಬಳಸುವವರಿಗೆ 1971ರ ಕೀಟನಾಶಕ ನಿಯಮಗಳ ಪ್ರಕಾರ ಲೈಸೆನ್ಸ್ ಇರಬೇಕು. ಅನಿಲ ಬಿಡುವ ಔಷಧಿಗೆ ಬೇರೆಯದೇ ಪರವಾನಗಿ ಬೇಕು. ಜನ ವಾಸ ಇರುವ ಮನೆಯೊಳಗೆ ಅದನ್ನು ಇಡಲು ಯಾವ ಪರವಾನಗಿಯೂ ಸಾಲದು. ಕೆಲಸ ಶುರುವಾಗುವ ಮುಂಚೆ ಲೈಸೆನ್ಸ್ ಕೇಳಿ. ಔಷಧಿಯ ಡಬ್ಬಿಯನ್ನು ಕೈಗೆ ತೆಗೆದುಕೊಂಡು ಲೇಬಲ್ಲಿನ ಫೋಟೋ ಹೊಡೆದುಕೊಳ್ಳಿ. ಔಷಧಿಯ ಹೆಸರು, ಎಷ್ಟು ಇಟ್ಟರು, ಎಲ್ಲೆಲ್ಲಿ ಇಟ್ಟರು, ಇಷ್ಟನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. "ನಮ್ದು ಸ್ಪೆಷಲ್ ಮಿಕ್ಸ್ ಸಾರ್" ಅಂದರೆ ಅಲ್ಲಿಂದಲೇ ಕಳಿಸಿಬಿಡಿ.

ಹೆಸರು ಯಾಕೆ ಬೇಕು ಅಂದರೆ, ಇಲಿ ಪಾಷಾಣ ಅನ್ನುವ ಒಂದೇ ಮಾತಿನಡಿ ಮೂರು ನಾಲ್ಕು ಬೇರೆ ಬೇರೆ ವಿಷಗಳಿವೆ. ಬ್ರೊಮಾಡಿಯೊಲೋನ್ ಕೇಕು (0.005 ಶೇಕಡಾ) ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಅದಕ್ಕೆ ವಿಟಮಿನ್ ಕೆ1 ಪ್ರತಿವಿಷವಿದೆ. ಟ್ಯೂಬಿನಲ್ಲಿ ಬರುವ ಹಳದಿ ರಂಜಕದ ಪೇಸ್ಟು ಇನ್ನೂ ಮೋಸದ್ದು. ತಿಂದವರು ಮೊದಲ ದಿನ ವಾಂತಿ ಮಾಡಿ, ಆಮೇಲೆ ಒಂದೆರಡು ದಿನ ಆರಾಮಾಗಿ ಓಡಾಡುತ್ತಾರೆ. ಮನೆಯವರು ಗುಣವಾಯಿತು ಅಂದುಕೊಳ್ಳುವ ಹೊತ್ತಿಗೆ ಲಿವರ್ ಕೈಕೊಟ್ಟಿರುತ್ತದೆ. ಜಿಂಕ್ ಫಾಸ್ಫೈಡ್ ಅನ್ನುವ ಕಪ್ಪು ಪುಡಿ ಹೊಟ್ಟೆಯ ಆಮ್ಲ ತಾಗಿದರೆ ಮತ್ತೆ ಅದೇ ಫಾಸ್ಫೀನ್. ಹಾಗಾಗಿ "ಚೆನ್ನಾಗೇ ಇದ್ದಾನಲ್ಲ" ಅಂತ ಕಾಯಬೇಡಿ, ಪ್ಯಾಕೆಟ್ಟು ಕೈಯಲ್ಲಿ ಹಿಡಿದೇ ಆಸ್ಪತ್ರೆಗೆ ಹೋಗಿ.

ಇಷ್ಟೆಲ್ಲ ಮಾಡಿಯೂ ಆ ಅಂಗಡಿಗೆ ಇಲಿ ಮರಳಿದ್ದೇಕೆ? ಬಂದ ದಾರಿ ಹಾಗೇ ತೆರೆದಿತ್ತು, ಅಷ್ಟೇ. ಹೆಣ್ಣಿಲಿ ಗಬ್ಬವಾದ ಮೂರು ವಾರಕ್ಕೆ ಮರಿ ಹಾಕುತ್ತದೆ, ಒಂದು ಸೂಲಿಗೆ ಆರೇಳು ಮರಿ ಮಾಮೂಲು. ಒಳಗಿನ ಹತ್ತನ್ನು ಕೊಂದು ದಾರಿ ಬಿಟ್ಟರೆ ಚರಂಡಿಯ ಹತ್ತಕ್ಕೆ ಜಾಗ ಖಾಲಿ ಮಾಡಿಕೊಟ್ಟ ಹಾಗೆ.

ಮೊದಲು ದಾರಿ ಹುಡುಕಿ. ಇದಕ್ಕೆ ರಂಗೋಲಿ ಪುಡಿಯಷ್ಟು ಒಳ್ಳೆಯ ಉಪಕರಣ ಇನ್ನೊಂದಿಲ್ಲ. ರಾತ್ರಿ ಬೀಗ ಹಾಕುವಾಗ ಗೋಡೆ ಬುಡದಲ್ಲಿ, ಶಟರಿನ ಎರಡೂ ತುದಿಯಲ್ಲಿ, ಸಿಂಕಿನ ಕೆಳಗೆ ಒಂದೊಂದು ಅಡಿ ಅಗಲಕ್ಕೆ ತೆಳ್ಳಗೆ ಉದುರಿಸಿ. ಬೆಳಿಗ್ಗೆ ಟಾರ್ಚನ್ನು ನೆಲಕ್ಕೆ ತಾಗಿಸಿ ಅಡ್ಡಲಾಗಿ ಬಿಟ್ಟರೆ ನಾಲ್ಕು ಬೆರಳಿನ ಮುಂಗಾಲು, ಐದು ಬೆರಳಿನ ಹಿಂಗಾಲು, ನಡುವೆ ಬಾಲ ಎಳೆದ ಗೆರೆ ಕಾಣುತ್ತದೆ. ಹೆಜ್ಜೆ ಯಾವ ಕಡೆ ಮುಖ ಮಾಡಿದೆ ನೋಡಿಕೊಂಡು ಹಿಂದೆ ಹಿಂದೆ ಹೋಗಿ. ತೂತಿನ ಅಂಚಿಗೆ ಜಿಡ್ಡುಗಪ್ಪು ಮೆತ್ತಿದ್ದರೆ ಅದು ದಿನಾ ಓಡಾಡುವ ಹೆದ್ದಾರಿ. ಹೊರಗೆ ಮೋರಿಯ ಪಕ್ಕ ಮಣ್ಣಿನ ಗುಡ್ಡೆ ಎದ್ದಿದ್ದರೆ ಹೆಗ್ಗಣ. ಅದರ ದಾರಿ ಬೇರೆ, ಚಪ್ಪಡಿಯ ಕೆಳಗಿಂದ ತೋಡಿಕೊಂಡು ಬರುತ್ತದೆ.

ಅಂಗಡಿಗಳಲ್ಲಿ ಹತ್ತಕ್ಕೆ ಎಂಟು ಸಲ ಅಪರಾಧಿ ರೋಲಿಂಗ್ ಶಟರ್. ಕೆಳಗಿನ ಪಟ್ಟಿ ನೆಲಕ್ಕೆ ಕೂತ ಹಾಗೆ ಕಾಣುತ್ತದೆ, ಆದರೆ ಎರಡು ತುದಿಯಲ್ಲಿ ನೆಲ ಸವೆದು ಹೆಬ್ಬೆರಳು ತೂರುವಷ್ಟು ಸಂದು. ಅರ್ಧ ಇಂಚು ಸಿಕ್ಕರೆ ಎಳೆಯ ಇಲಿ ನುಗ್ಗುತ್ತದೆ, ಸುಂಡಿಲಿಗೆ 6 ಮಿ.ಮೀ. ಸಾಕು. ರಬ್ಬರ್ ಪಟ್ಟಿ ಹಾಕಿದರೆ ವಾರದೊಳಗೆ ಕಡಿದು ಬಿಸಾಡುತ್ತವೆ. ನೆಲಕ್ಕೆ ಕಾಂಕ್ರೀಟಿನ ಸಮ ಅಂಚು ಕಟ್ಟಿಸಿ, ಶಟರಿಗೆ ತಗಡಿನ ಪಟ್ಟಿ ಹೊಡೆಸಿ. ಶಟರ್ ಸುತ್ತಿಕೊಳ್ಳುವ ಮೇಲಿನ ಡಬ್ಬವನ್ನು ಮರೆಯಬೇಡಿ, ಅದು ನೇರ ಅಟ್ಟಕ್ಕೆ ತೆರೆದಿರುತ್ತದೆ.

ಪೈಪಿನ ಸುತ್ತಲಿನ ತೂತಿಗೆ ಫೋಮ್ ಒಂದನ್ನೇ ಹೊಡೆದರೆ ದುಡ್ಡು ದಂಡ. ಪಾತ್ರೆ ಉಜ್ಜುವ ಸ್ಟೇನ್‌ಲೆಸ್ ಸ್ಟೀಲ್ ಜುಂಗನ್ನು ಗಟ್ಟಿಯಾಗಿ ತುರುಕಿ, ಮೇಲೆ 1:3 ಸಿಮೆಂಟು ಮರಳು ಮೆತ್ತಿ. ಕಬ್ಬಿಣದ್ದು ಬೇಡ, ತುಕ್ಕು ಹಿಡಿದು ಉದುರುತ್ತದೆ. ವೆಂಟಿಲೇಟರಿಗೆ 6 ಮಿ.ಮೀ. ಕಣ್ಣಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಜಾಲರಿ, ನೈಲಾನ್ ಸೊಳ್ಳೆ ಪರದೆಯಲ್ಲ. ಬಚ್ಚಲಿನ ನಹಾನಿ ಟ್ರ್ಯಾಪಿನ (ನೆಲದಲ್ಲಿ ನೀರು ಹೋಗುವ ಬಾಯಿ) ಜಾಲರಿಯನ್ನು ಸ್ಕ್ರೂ ಹಾಕಿ ಕೂರಿಸಿ. ಸುಮ್ಮನೆ ಇಟ್ಟ ಜಾಲರಿಯನ್ನು ಹೆಗ್ಗಣ ತಲೆಯಿಂದಲೇ ಎತ್ತಿಬಿಡುತ್ತದೆ.

ಹೊರದಾರಿ ಮುಚ್ಚಿದ ಮೇಲೆ ಒಳಗೆ ಉಳಿದವಕ್ಕೆ ಬೋನು. ಚಿಕ್ಕ ಅಂಗಡಿಗೂ ಆರಾದರೂ ಬೇಕು. ಒಂದು ಬೋನು ಇಟ್ಟು ಇಲಿ ಬುದ್ಧಿವಂತ ಅನ್ನುವವರೇ ಜಾಸ್ತಿ! ಹೊಸ ವಸ್ತು ಕಂಡರೆ ಇಲಿಗೆ ಅನುಮಾನ, ಆದ್ದರಿಂದ ಮೊದಲ ಮೂರು ರಾತ್ರಿ ತಿಂಡಿ ಇಟ್ಟು ಬಾಗಿಲು ಬೀಳದಂತೆ ತೆರೆದೇ ಕಟ್ಟಿಟ್ಟುಬಿಡಿ, ತಿಂದು ಹೋಗಲಿ. ನಾಲ್ಕನೇ ರಾತ್ರಿ ಎಲ್ಲವನ್ನೂ ಒಟ್ಟಿಗೆ ಹೂಡಿ. ಬೆಂಕಿಗೆ ಹಿಡಿದು ಸುಟ್ಟ ಕೊಬ್ಬರಿ ಚೂರು, ಇಲ್ಲವೇ ಈರುಳ್ಳಿ ಬೋಂಡ, ದಾರ ಹಾಕಿ ಕೊಕ್ಕೆಗೆ ಬಿಗಿಯಬೇಕು. ಬೋನಿನ ಬಾಯಿ ಗೋಡೆಗುಂಟ ಬರುವ ದಾರಿಗೆ ಎದುರಾಗಿರಲಿ, ನಡು ಕೋಣೆಯಲ್ಲಿ ಇಟ್ಟದ್ದು ಅಲಂಕಾರಕ್ಕೆ. ಅಂಟು ಹಲಗೆ ತರಬೇಡಿ. ಅದು ಕ್ರೂರ, ಮೇಲಾಗಿ ಒದ್ದಾಡುವ ಇಲಿಯ ಉಚ್ಚೆ ಕಾಳಿನ ಮೇಲೆಲ್ಲ ಚೆಲ್ಲುತ್ತದೆ. ಪ್ಲಗ್ಗಿಗೆ ಸಿಕ್ಕಿಸುವ ಶಬ್ದದ ಯಂತ್ರಕ್ಕೆ ಇಲಿಗಳು ಕೆಲವೇ ದಿನದಲ್ಲಿ ಒಗ್ಗಿಕೊಳ್ಳುತ್ತವೆ.

ವಿಷದ ಕೇಕು ಬೇಕೇ ಬೇಕು ಅಂದರೆ ಕಾಂಪೌಂಡಿನ ಹೊರ ಅಂಚಿಗೆ, ಬೀಗದ ಡಬ್ಬಿಯೊಳಗೆ, ತಂತಿಗೆ ಪೋಣಿಸಿ. ಒಳಗಂತೂ ಬೇಡ. ಬ್ರೊಮಾಡಿಯೊಲೋನ್ ತಿಂದ ಇಲಿ ಸಾಯಲು ನಾಲ್ಕರಿಂದ ಹತ್ತು ದಿನ ಹಿಡಿಯುತ್ತದೆ, ಅದು ಸಾಯುವುದು ಫಾಲ್ಸ್ ಸೀಲಿಂಗಿನ ಕೈ ಎಟುಕದ ಮೂಲೆಯಲ್ಲಿ. ಆಮೇಲೆ ಎರಡು ವಾರ ಗಿರಾಕಿಗಳು ಮೂಗು ಮುಚ್ಚಿಕೊಂಡು ಬರಬೇಕು. ಆ ಇಲಿಯನ್ನು ತಿಂದ ಬೆಕ್ಕಿಗೂ ಗೂಬೆಗೂ ವಿಷ ಏರುತ್ತದೆ.

ಹಿಕ್ಕೆಯನ್ನು ಒಣದಾಗಿ ಗುಡಿಸಬೇಡಿ. ಇಲಿಯ ಉಚ್ಚೆಯಿಂದ ಇಲಿ ಜ್ವರ ಬರುತ್ತದೆ, ಒಣಗಿದ ಹಿಕ್ಕೆಯ ಧೂಳು ಮೂಗಿಗೆ ಹೋಗುವುದೂ ಒಳ್ಳೆಯದಲ್ಲ. ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಬೆರೆಸಿ ಚಿಮುಕಿಸಿ, ಐದು ನಿಮಿಷ ಬಿಟ್ಟು, ಕೈಗವಸು ಹಾಕಿಕೊಂಡು ಪೇಪರಿನಲ್ಲಿ ಬಾಚಿ ತೆಗೆಯಿರಿ. ಮೂಟೆಗಳನ್ನು ನೆಲದಿಂದ ಅರ್ಧ ಅಡಿ ಎತ್ತರದ ಹಲಗೆಯ ಮೇಲೆ, ಗೋಡೆಯಿಂದ ಒಂದೂವರೆ ಅಡಿ ಬಿಟ್ಟು ಜೋಡಿಸಿ. ಆ ಸಂದಿಯಲ್ಲಿ ವಾರಕ್ಕೊಮ್ಮೆ ರಂಗೋಲಿ ಪುಡಿ ಉದುರಿಸಿ, ಬೆಳಿಗ್ಗೆ ಟಾರ್ಚ್ ಬಿಟ್ಟು ನೋಡಿ.