ಡಿಸಿಎಸ್‌ನಲ್ಲಿ ಮೊದಲ ಜೆಟ್: ಹಾರ್ನೆಟ್ಟೋ, ಎಫ್-16ಓ?

ಡಿಸಿಎಸ್ ಅಂದರೆ ಕಂಪ್ಯೂಟರ್‌ನಲ್ಲಿ ಯುದ್ಧವಿಮಾನ ಹಾರಿಸುವ ಸಿಮ್ಯುಲೇಟರ್ ಆಟ. ಜಾಯ್‌ಸ್ಟಿಕ್ ಹೊಸದಾಗಿದ್ದರೆ, ಅದರ ಜೊತೆ ಉಚಿತವಾಗಿ ಬರುವ ಸು-25ಟಿ ವಿಮಾನದಲ್ಲಿ ಮೊದಲು ಕೈ ಪಳಗಲಿ.

ಅಸಲಿ ವ್ಯತ್ಯಾಸ ಗೊತ್ತಾಗುವುದು ಇಳಿಸುವಾಗ. ಹಾರ್ನೆಟ್‌ನದು (ಎಫ್/ಎ-18) ವಿಮಾನವಾಹಕ ನೌಕೆಗೆಂದೇ ಮಾಡಿದ ಗಟ್ಟಿ ಕಾಲು. ಆಂಗಲ್ ಆಫ್ ಅಟ್ಯಾಕ್ (ಎದುರು ಗಾಳಿಗೆ ರೆಕ್ಕೆ ಮಾಡುವ ಕೋನ) 8.1 ಡಿಗ್ರಿಯಲ್ಲಿ ಹಿಡಿದು, ಕೊನೆಗೆ ಮೂಗೆತ್ತದೆಯೂ ಕೂರಿಸಬಹುದು. ಎಫ್-16 ನಾಜೂಕು: 11ರಿಂದ 13 ಡಿಗ್ರಿಯಲ್ಲಿ ಬಂದು ಮೆಲ್ಲಗೆ ಮೂಗೆತ್ತಬೇಕು. 15 ದಾಟಿತೋ, ಹಿಂಬದಿಯ ಎಂಜಿನ್ ನಾಜಲ್ ರನ್‌ವೇಗೆ ಉಜ್ಜುತ್ತದೆ. ನೆಲ ಮುಟ್ಟಿದ ಮೇಲೂ ಮೂಗೆತ್ತಿಯೇ ವೇಗ ಕಳೆದು, ಆಮೇಲೆ ಬ್ರೇಕ್ ಒತ್ತಬೇಕು.

ಕಕ್ಕಡ ಮಾಸದ ಮಳೆಯಲ್ಲಿ ಮಡಿಕೇರಿಯ ಕರೆಂಟ್ ನಂಬಬೇಡಿ, ಯುಪಿಎಸ್ ಇರಲಿ. ಕರೆಂಟ್ ಹೋದರೆ ಎಲ್ಲ ಮೊದಲಿನಿಂದ: ಎಫ್-16ರ ಐಎನ್‌ಎಸ್ (ವಿಮಾನದ ಜಾಗ, ದಿಕ್ಕು ತಿಳಿಸುವ ವ್ಯವಸ್ಥೆ) ಪೂರ್ತಿ ಹೊಂದಲು ಸುಮಾರು 8 ನಿಮಿಷ ಬೇಕು. ಸ್ಟೋರ್ಡ್ ಹೆಡಿಂಗ್‌ನಲ್ಲಾದರೆ (ಮೊದಲೇ ಉಳಿಸಿಟ್ಟ ದಿಕ್ಕು ಬಳಸಿ ಹೊಂದಿಸುವುದು) ಒಂದೂವರೆ ನಿಮಿಷ.

ಸುತ್ತಿ ಸುತ್ತಿ ಕಾದಾಡುವ ಚಪಲವಿದ್ದರೆ ಎಫ್-16, ಇಲ್ಲವಾದರೆ ಹಾರ್ನೆಟ್ಟೇ ಸರಿ.