ಬ್ರೌನಿಂಗ್, ಬೆರೆಜಿನ್, ಎಂಜಿ 131: ಲೆಕ್ಕ ಹಾಕಿ ನೋಡಿದಾಗ

ಎರಡನೇ ಮಹಾಯುದ್ಧದ ವಿಮಾನಗಳ ಮಾತು ಬಂದಾಗಲೆಲ್ಲ ಅಮೆರಿಕದ ಬ್ರೌನಿಂಗ್ ಎಂ2 ಮೆಷಿನ್‌ಗನ್‌ಗೆ ಸಾಟಿಯೇ ಇಲ್ಲ ಎನ್ನುವವರು ಬಹಳ. ಜರ್ಮನಿಯ ಎಂಜಿ 131 ಅನ್ನು ಅಷ್ಟೇ ಸಲೀಸಾಗಿ ತಳ್ಳಿಹಾಕುತ್ತಾರೆ. ಸೋವಿಯತ್ ಬೆರೆಜಿನ್ ಯುಬಿಯ ಹೆಸರೆತ್ತುವವರು ಅಪರೂಪ. ಈ ಮೂರನ್ನೂ, ಜೊತೆಗೆ ಜಪಾನಿನ ಹೋ-103 ಅನ್ನೂ ಒಂದೇ ಲೆಕ್ಕದ ಹಾಳೆಯಲ್ಲಿಟ್ಟು ಪರೀಕ್ಷಿಸಿದೆ. ಆಮೇಲೆ ಕಂಪ್ಯೂಟರ್ ಸಿಮ್ಯುಲೇಟರ್‌ನಲ್ಲಿ ಒಂದೊಂದನ್ನೂ ಹಾರಿಸಿ ನೋಡಿದೆ. ನನ್ನ ಮಟ್ಟಿಗೆ ಗೆದ್ದದ್ದು ಬೆರೆಜಿನ್.

ಮೊದಲು ಗುಂಡಿನ ವಿಚಾರ. ಬ್ರೌನಿಂಗ್‌ನ ಗುಂಡು ಸುಮಾರು 43 ಗ್ರಾಂ. ನಳಿಗೆಯಿಂದ ಹೊರಬೀಳುವಾಗ ಸೆಕೆಂಡಿಗೆ ಸುಮಾರು 880 ಮೀಟರ್ ವೇಗ. ಬೆರೆಜಿನ್‌ನದು 48 ಗ್ರಾಂ, 850 ಮೀಟರ್. ಎಂಜಿ 131ರ ಸಿಡಿಗುಂಡು 34 ಗ್ರಾಂ, 750 ಮೀಟರ್. ಹೋ-103ರದು 35 ಗ್ರಾಂ, 770ರ ಆಸುಪಾಸು. ನಾಲ್ಕರ ವ್ಯಾಸವೂ 13 ಮಿಲಿಮೀಟರಿನ ಹತ್ತಿರವೇ. ವ್ಯತ್ಯಾಸವಿರುವುದು ತೋಟಾದ ಉದ್ದದಲ್ಲಿ, ಅದರೊಳಗಿನ ಮದ್ದಿನಲ್ಲಿ. ಅಮೆರಿಕದ ತೋಟಾದ ಹಿತ್ತಾಳೆ ಕೋಶ 99 ಮಿಲಿಮೀಟರ್, ಸೋವಿಯತ್‌ನದು 108, ಜರ್ಮನಿಯದು ಬರೀ 64.

ಇದರಿಂದ ಪೈಲಟ್‌ಗೆ ಆಗುವುದೇನು? ಶತ್ರು ವಿಮಾನವೊಂದು 300 ಮೀಟರ್ ದೂರದಲ್ಲಿ ಗಂಟೆಗೆ 500 ಕಿಲೋಮೀಟರ್ ವೇಗದಲ್ಲಿ ಅಡ್ಡ ಹಾಯುತ್ತಿದೆ ಎನ್ನೋಣ. ಸೆಕೆಂಡಿಗೆ ಅದು 139 ಮೀಟರ್ ಸಾಗುತ್ತದೆ. ಗಾಳಿಯ ತಡೆಯೇ ಇಲ್ಲವೆಂದುಕೊಂಡರೆ ಬ್ರೌನಿಂಗ್‌ನ ಗುಂಡು ಅಲ್ಲಿಗೆ ಮುಟ್ಟಲು 0.34 ಸೆಕೆಂಡ್ ಬೇಕು, ಎಂಜಿ 131ರದಕ್ಕೆ 0.40. ಅಂದರೆ ಒಬ್ಬ ಪೈಲಟ್ ಗುರಿಗಿಂತ 47 ಮೀಟರ್ ಮುಂದಕ್ಕೆ ಹೊಡೆದರೆ ಸಾಕು, ಇನ್ನೊಬ್ಬ 56 ಮೀಟರ್ ಮುಂದಕ್ಕೆ ಹೊಡೆಯಬೇಕು. ನಡುವಿನ ಅಂತರ ಹೆಚ್ಚುಕಡಿಮೆ ಒಂದು ಮೆಸ್ಸರ್‌ಶ್ಮಿಟ್ 109 ಯುದ್ಧವಿಮಾನದಷ್ಟು ಉದ್ದ! ಗಾಳಿಯ ತಡೆಯನ್ನೂ ಅಂದಾಜಿನಲ್ಲಿ ಸೇರಿಸಿದರೆ, ಮೊಂಡು ಮೂಗಿನ ಹಗುರ ಗುಂಡು ಬೇಗ ಸೊರಗುವುದರಿಂದ, ಸಮುದ್ರಮಟ್ಟದಲ್ಲಿ ಈ ಅಂತರ 13 ಮೀಟರಿನ ಹತ್ತಿರ ಬರುತ್ತದೆ. ಗುಂಡು ಕೆಳಗಿಳಿಯುವುದು ಇದರ ಮುಂದೆ ಸಣ್ಣ ಸಂಗತಿ: ಬ್ರೌನಿಂಗ್‌ಗೆ ಮುಕ್ಕಾಲು ಮೀಟರಿನೊಳಗೆ, ಎಂಜಿ 131ಕ್ಕೆ ಒಂದು ಮೀಟರಿನ ಆಸುಪಾಸು. ಇಳಿಯುವಿಕೆಯ ಕೋಷ್ಟಕಗಳನ್ನೇ ಮುಂದಿಟ್ಟು ವಾದಿಸುವವರು ಹಾರಾಟದ ಸಮಯವನ್ನು ಮರೆಯುತ್ತಾರೆ ಎಂಬುದು ನನ್ನ ಬಲವಾದ ಆಕ್ಷೇಪ. ಈ ಲೆಕ್ಕದಲ್ಲಿ ಹೊಡೆಯುವ ವಿಮಾನದ ವೇಗವನ್ನು ಸೇರಿಸಿಲ್ಲ.

ಎತ್ತರಕ್ಕೆ ಏರಿದಂತೆ ಚಿತ್ರ ಬದಲಾಗುತ್ತದೆ. 6000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ನೆಲಮಟ್ಟದ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಅಲ್ಲಿ ನನ್ನ ಲೆಕ್ಕದ 13 ಮೀಟರ್ 11ಕ್ಕೆ ಇಳಿಯಿತು. ಅಮೆರಿಕದ ಬಾಂಬರ್‌ಗಳ ಹಿಂದೆ ಬಿದ್ದಿದ್ದ ಜರ್ಮನ್ ಪೈಲಟ್‌ಗಳಿಗೆ ಈ ದುರ್ಬಲ ಗುಂಡು ಕೆಳಮಟ್ಟದ ಕಾದಾಟದಲ್ಲಿದ್ದಷ್ಟು ತೊಡಕಾಗಿರಲಾರದು. ಬಾಂಬರ್ ದೊಡ್ಡ ಗುರಿ, ಹಿಂದಿನಿಂದ ಹೊಡೆದರೆ ಮುಂಗುರಿಯೂ, ಅಂದರೆ ಗುರಿಗಿಂತ ಮುಂದಕ್ಕೆ ಹೊಡೆಯುವುದೂ, ಅಷ್ಟಾಗಿ ಬೇಡ.

ಎಂಜಿ 131ರ ಪರವಾಗಿ ಹೇಳಲೇಬೇಕಾದದ್ದು ಇನ್ನೂ ಇದೆ. ಅದರ ತೂಕ ಕೇವಲ 17 ಕಿಲೋ, ಬ್ರೌನಿಂಗ್‌ನದು 29. ತೋಟಾಕ್ಕೆ ವಿದ್ಯುತ್ತಿನಿಂದ ಕಿಡಿ ಹೊತ್ತುತ್ತಿದ್ದುದರಿಂದ ಪ್ರೊಪೆಲ್ಲರಿನ ರೆಕ್ಕೆಗಳ ಸಂದಿಯಲ್ಲಿ ಹೊಡೆಯುವುದು ಸುಲಭವಾಗಿತ್ತು. ಪ್ರತಿ ಗುಂಡಿನ ಚಲನಶಕ್ತಿಯನ್ನು ಸೆಕೆಂಡಿಗೆ ಹಾರುವ ಗುಂಡುಗಳಿಂದ ಗುಣಿಸಿ, ಗನ್ನಿನ ತೂಕದಿಂದ ಭಾಗಿಸಿದೆ. ಪ್ರತಿ ಕಿಲೋಗೆ ಬ್ರೌನಿಂಗ್‌ಗೆ 7.6 ಕಿಲೋಜೂಲ್ ಬಂತು, ಎಂಜಿ 131ಕ್ಕೆ 8.4. ಎಲ್ಲರೂ ಹಳಿಯುವ ಗನ್ ಇಲ್ಲಿ ಮುಂದಿದೆ! ಇದರಲ್ಲಿ ಸಿಡಿಮದ್ದಿನ ಹಾನಿಯನ್ನು ಸೇರಿಸಿಲ್ಲ; ಸೇರಿಸಿದ್ದರೆ ಅದರ ಪಾಲು ಇನ್ನೂ ಹೆಚ್ಚುತ್ತಿತ್ತು. ಹೋ-103ಕ್ಕೆ ಸಿಕ್ಕಿದ್ದು 6.8. ಅದರ ಯಂತ್ರ ಬ್ರೌನಿಂಗ್‌ನದೇ ಮಾದರಿ, ತೋಟಾ ಮಾತ್ರ ಚಿಕ್ಕದು.

ಬೆರೆಜಿನ್‌ಗೆ ಬಂದದ್ದು 13.4. ನಿಮಿಷಕ್ಕೆ 1000 ಗುಂಡು, 21.5 ಕಿಲೋ ತೂಕ. ಪ್ರೊಪೆಲ್ಲರಿನ ಸಂದಿಯಲ್ಲಿ ಹೊಡೆಯುವಾಗ ನಿಮಿಷದ ಗುಂಡುಗಳ ಸಂಖ್ಯೆ ತಗ್ಗುತ್ತದೆಂದು 800ಕ್ಕೇ ಇಳಿಸಿದರೂ 10.7. ಪಥದಲ್ಲಿ ಬ್ರೌನಿಂಗ್‌ಗಿಂತ ಕೂದಲೆಳೆಯಷ್ಟು ಹಿಂದೆ: ಆ 300 ಮೀಟರಿನಲ್ಲಿ ಮುಂಗುರಿಯ ವ್ಯತ್ಯಾಸ ಎರಡು ಮೀಟರನ್ನೂ ಮುಟ್ಟುವುದಿಲ್ಲ. ಮಿಖಾಯಿಲ್ ಬೆರೆಜಿನ್ ರೂಪಿಸಿದ ಈ ಗನ್ 1941ರಲ್ಲಿ ಸೇವೆಗೆ ಸೇರಿತು.

ಸಿಮ್ಯುಲೇಟರ್‌ನಲ್ಲಿ ನನಗೆ ಎದ್ದು ಕಂಡದ್ದು ಗನ್ ಕೂತ ಜಾಗ. ಅಮೆರಿಕದ ಮಸ್ಟಾಂಗ್ ಯುದ್ಧವಿಮಾನದ ಆರು ಬ್ರೌನಿಂಗ್‌ಗಳು ರೆಕ್ಕೆಗಳಲ್ಲಿವೆ. 300 ಮೀಟರಿಗೆ ಗುಂಡುಗಳು ಒಂದೆಡೆ ಸೇರುವಂತೆ ಹೊಂದಿಸಿದರೆ 600ರಲ್ಲಿ ಅವು ಮತ್ತೆ ಹೊರಟಷ್ಟೇ ಅಗಲಕ್ಕೆ ಚದುರಿರುತ್ತವೆ. ಸೋವಿಯತ್ ಯುದ್ಧವಿಮಾನ ಯಾಕ್-3ರ ಮೂತಿಯಲ್ಲಿರುವ ಎರಡು ಬೆರೆಜಿನ್‌ಗಳಿಗೆ ಈ ತಾಪತ್ರಯ ಇಲ್ಲವೇ ಇಲ್ಲವೆನ್ನಬಹುದು. ಆದರೂ ಮುಂಗುರಿ ತಪ್ಪಿದಾಗ ಆರು ನಳಿಗೆಗಳಿಂದ ಹೊಮ್ಮುವ ಗುಂಡಿನ ಮಳೆ ತಪ್ಪನ್ನು ಒಂದಿಷ್ಟು ಮುಚ್ಚಿಕೊಡುತ್ತದೆ. ಹೊಸದಾಗಿ ಕಲಿತ ಪೈಲಟ್‌ಗೆ ಮಸ್ಟಾಂಗ್ ಕೊಡುತ್ತೇನೆ. ಇನ್ನೂರು ಮೀಟರಿನೊಳಗೆ ನುಗ್ಗುವ ಧೈರ್ಯವಿದ್ದವನಿಗೆ ಬೆರೆಜಿನ್ ಇರುವ ಯಾಕ್.